ಕಾಫಿ ಗ್ರೈಂಡರ್ ತಗೊಳ್ಳುವ ಮೊದಲು ಹಿತ್ತಿಲಿನ ಬೀಸುಕಲ್ಲು ಒಮ್ಮೆ ನೋಡಿ

ಮೊನ್ನೆ ಬದಿಯಡ್ಕದಿಂದ ಭಾವ ಫೋನ್ ಮಾಡಿದ್ರು, ಆನ್‌ಲೈನಿನಲ್ಲಿ ಸಾವಿರದಿನ್ನೂರಕ್ಕೆ ಒಂದು ಕಾಫಿ ಗ್ರೈಂಡರ್ ಉಂಟು, ಆಫರ್ ರಾತ್ರಿ ಹನ್ನೆರಡಕ್ಕೆ ಮುಗೀತದಂತೆ, ತಗೊಳ್ಳಲಾ ಬೇಡವಾ ಅಂತ. ಫೋಟೋ ಕಳಿಸಿ ಭಾವ ಅಂದೆ. ಮೇಲೆ ಪ್ಲಾಸ್ಟಿಕ್ ಮುಚ್ಚಳ, ಒಳಗೆ ಸ್ಟೀಲ್ ಬಟ್ಟಲು, ಬಟ್ಟಲಿನ ಮಧ್ಯ ಫ್ಯಾನಿನ ಹಾಗೆ ಎರಡು ರೆಕ್ಕೆಯ ಬ್ಲೇಡು. "ಇದು ಸಣ್ಣ ಮಿಕ್ಸಿ ಭಾವ, ನಿಮ್ಮಲ್ಲಿ ದೊಡ್ಡದೇ ಉಂಟಲ್ಲ, ಮತ್ತೆ ಇದು ಎಂತಕ್ಕೆ?" ಅಂದೆ. ಹಾಗಾದ್ರೆ ಎಂತದ್ದು ತಗೊಳ್ಳುದು ಅಂತ ಕೇಳಿದ್ರು. ಅಲ್ಲಿಂದ ಮುಕ್ಕಾಲು ಗಂಟೆ ಮಾತಾಡಿದೆ, ಅಕ್ಕ ಹಿಂದಿನಿಂದ ಊಟಕ್ಕೆ ಕರೀತಾ ಇದ್ದದ್ದು ನನಗೂ ಕೇಳ್ತಾ ಇತ್ತು. ಆ ಮುಕ್ಕಾಲು ಗಂಟೆಯದ್ದೇ ಇಲ್ಲಿ ಬರ್ದು ಹಾಕ್ತಾ ಇದ್ದೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸಿದ್ರಾಯ್ತು.

ಮಿಕ್ಸಿಯಲ್ಲಿ ಹುಡಿ ಮಾಡಿದ್ರೆ ಎಂತ ತೊಂದರೆ ಅಂತ ಮೊದಲು ಹೇಳ್ತೇನೆ. ಬ್ಲೇಡು ಬೀಜವನ್ನು ಸಿಕ್ಕಿದಲ್ಲಿ ಕಡೀತದೆ ಅಷ್ಟೆ, ಒಂದು ಬೀಜಕ್ಕೆ ಹತ್ತು ಪೆಟ್ಟು ಬೀಳ್ತದೆ, ಬದಿಗೆ ಹಾರಿದ ಇನ್ನೊಂದಕ್ಕೆ ಎರಡೇ ಪೆಟ್ಟು. ಕೊನೆಗೆ ಮುಚ್ಚಳ ತೆಗೆದು ನೋಡಿದ್ರೆ ಅರ್ಧ ಮೈದಾದ ಹಾಗೆ, ಅರ್ಧ ನುಚ್ಚಕ್ಕಿ ಹಾಗೆ. ಬಿಸಿನೀರು ಬಿದ್ದಾಗ ಮೈದಾದಂತದ್ದು ಒಂದೇ ಸಲಕ್ಕೆ ಪೂರ್ತಿ ಬಿಟ್ಟುಕೊಟ್ಟು ಕಹಿ ಆಗ್ತದೆ, ನುಚ್ಚಿನ ಒಳಗೆ ನೀರು ಹೋಗಿಯೇ ಇರುದಿಲ್ಲ, ಅದರಿಂದ ಹುಳಿ ಹುಳಿ ನೀರು ಮಾತ್ರ ಬರ್ತದೆ. ಎರಡೂ ಒಂದೇ ಲೋಟಕ್ಕೆ ಇಳೀತದೆ. ಸಕ್ಕರೆ ಹಾಕಿ ಕುಡಿಯುವವರಿಗೆ ಗೊತ್ತಾಗುದಿಲ್ಲ ಅಂತಿಟ್ಕೊಳ್ಳಿ, ಆದ್ರೆ ಒಳ್ಳೆ ದುಡ್ಡು ಕೊಟ್ಟು ಮಡಿಕೇರಿಯಿಂದಲೋ ಚಿಕ್ಕಮಗಳೂರಿನಿಂದಲೋ ಬೀಜ ತರಿಸಿದವರಿಗೆ ಹೊಟ್ಟೆ ಉರೀತದೆ.

ಈಗ ಬೀಸುಕಲ್ಲು ನೆನಪು ಮಾಡಿಕೊಳ್ಳಿ. ನಮ್ಮ ಮನೆ ಹಿತ್ತಿಲಿನಲ್ಲಿ ಅದು ಈಗ ತುಳಸಿ ಗಿಡದ ಚಟ್ಟಿಯ ಅಡಿಯಲ್ಲಿ ಇಟ್ಟದ್ದು, ನಿಮ್ಮಲ್ಲಿ ಎಲ್ಲಿ ಉಂಟೋ ನೋಡಿ. ಕೆಳಗಿನ ಕಲ್ಲು ಅಲ್ಲಾಡುದಿಲ್ಲ, ಮೇಲಿನದ್ದು ತಿರುಗ್ತದೆ, ನಡುವಿನ ತೂತಿಗೆ ಮುಷ್ಟಿ ಮುಷ್ಟಿ ಧಾನ್ಯ ಹಾಕಿದ್ರೆ ಎರಡು ಕಲ್ಲಿನ ಮಧ್ಯ ಎಷ್ಟು ಎಡೆ ಉಂಟೋ ಅಷ್ಟು ಸಣ್ಣ ಆದದ್ದು ಮಾತ್ರ ಅಂಚಿನಿಂದ ಹೊರಗೆ ಬೀಳ್ತದೆ, ದೊಡ್ಡದು ದಾಟುವ ಹಾಗೇ ಇಲ್ಲ. ಬರ್ ಗ್ರೈಂಡರ್ ಅಂದ್ರೆ ಇದೇ. ಹಲ್ಲು ಕೊರೆದ ಎರಡು ಚಕ್ರ, ಆ ಚಕ್ರಕ್ಕೇ ಬರ್ ಅಂತ ಹೇಳುದು, ಒಂದು ನಿಂತದ್ದು, ಒಂದು ತಿರುಗುವಂತದ್ದು, ನಡುವಿನ ಎಡೆ ಹೆಚ್ಚುಕಡಿಮೆ ಮಾಡ್ಲಿಕ್ಕೆ ಒಂದು ತಿರುಪು. ಕಲ್ಲು ನುಣುಪಾದ್ರೆ ಅಜ್ಜಿ ಆಳು ಕರೆಸಿ ಉಳಿಯಲ್ಲಿ ಕುಟ್ಟಿಸಿ ಪುನಃ ಒರಟು ಮಾಡಿಸ್ತಾ ಇದ್ರು, ಬರ್ ಹಲ್ಲು ಸವೆದ್ರೆ ನಾವು ಹೊಸ ಬರ್ ಹಾಕುದು. ಹಾಗಾಗಿ ಗ್ರೈಂಡರ್ ನೋಡ್ಲಿಕ್ಕೆ ಹೋದಾಗ ಕಣ್ಣು ಇಡಬೇಕಾದ್ದು ಮೂರೇ ಕಡೆ: ಹಲ್ಲು ಎಂತದ್ದು, ತಿರುಗುವ ಚಕ್ರ ಅಲ್ಲಾಡದೆ ತಿರುಗ್ತದಾ, ಎಡೆಯನ್ನು ಎಷ್ಟು ಸೂಕ್ಷ್ಮವಾಗಿ ಬದಲಿಸಬಹುದು. ಬಣ್ಣ, ಮರದ ಹಿಡಿ, ಡಿಸ್‌ಪ್ಲೇ, ಯುಎಸ್‌ಬಿ ಚಾರ್ಜಿಂಗ್ ಎಲ್ಲ ಮತ್ತೆ.

ಅದಕ್ಕೂ ಮೊದಲು ನೀವು ಕಾಫಿ ಹೇಗೆ ಮಾಡುದು ಅಂತ ಒಮ್ಮೆ ಸರಿಯಾಗಿ ಯೋಚಿಸಿ, ಮುಂದೆ ಹೇಗೆ ಮಾಡ್ಬೇಕು ಅಂತ ಕನಸುಂಟೋ ಅದು ಬೇಡ, ಈಗ ದಿನಾ ಬೆಳಿಗ್ಗೆ ಎಂತ ಮಾಡ್ತೀರಿ ಅದು. ನಮ್ಮ ಕಡೆ ಹೆಚ್ಚಿನವರದ್ದು ಸ್ಟೀಲ್ ಫಿಲ್ಟರ್. ಅದಕ್ಕೆ ಹುಡಿ ಚಿರೋಟಿ ರವೆಗಿಂತ ಒಂಚೂರು ಸಣ್ಣ ಇದ್ರೆ ಲಾಯ್ಕಾಗ್ತದೆ, ಬೆರಳಲ್ಲಿ ತಿಕ್ಕಿದ್ರೆ ತರಿ ಸಿಗ್ಬೇಕು, ಆದ್ರೆ ಕಣ್ಣಿಗೆ ಹುಡಿ ಅಂತಲೇ ಕಾಣ್ಬೇಕು. ಒಲೆಯ ಮೇಲೆ ಇಟ್ಟು ಕಾಫಿ ಮಾಡುವ ಮೋಕಾ ಪಾಟಿಗೂ ಹತ್ತಿರ ಹತ್ತಿರ ಅಷ್ಟೇ. ಪೇಪರ್ ಹಾಕಿ ಮೇಲಿನಿಂದ ನೀರು ಹೊಯ್ಯುವ ಪೋರ್ ಓವರಿಗೆ ಚಿರೋಟಿ ರವೆಗಿಂತ ದೊಡ್ಡದು, ಹುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿ ಒತ್ತುವ ಫ್ರೆಂಚ್ ಪ್ರೆಸ್ಸಿಗೆ ಇಡ್ಲಿ ರವೆ ಅಳತೆ. ಪ್ರೆಶರಿನಲ್ಲಿ ಹುಡಿಯ ಒಳಗೆ ನೀರು ನೂಕುವ ಎಸ್ಪ್ರೆಸೊ ಮೆಷಿನ್ ಇದ್ದವರದ್ದು ಬೇರೆಯೇ ಲೋಕ, ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಕಾಫಿ ಇಳಿಯುದೇ ಇಲ್ಲ ಅಥವಾ ನಲ್ಲಿ ಬಿಟ್ಟ ಹಾಗೆ ಸುರೀತದೆ, ಹಾಗಾಗಿ ಅವರು ಗ್ರೈಂಡರಿಗೆ ಇಡುವ ದುಡ್ಡು ಕೆಲವು ಸಲ ಮೆಷಿನಿಗಿಂತ ಜಾಸ್ತಿ. ಬರೇ ಸ್ಟೀಲ್ ಫಿಲ್ಟರಿನವರು ಆ ಲೋಕದವರ ಮಾತು ಕೇಳಿ ಇಪ್ಪತ್ತೈದು ಸಾವಿರ ಹಾಕಬೇಡಿ.

ಬರ್ ಎರಡು ಆಕಾರದಲ್ಲಿ ಬರ್ತದೆ, ಕೋನಿನ ಹಾಗೆ ಇರುವ ಕೋನಿಕಲ್, ತಟ್ಟೆ ಹಾಗೆ ಇರುವ ಫ್ಲಾಟ್. ಕೈಯಲ್ಲಿ ತಿರುಗಿಸುವಂತದ್ದೆಲ್ಲ ಹೆಚ್ಚುಕಮ್ಮಿ ಕೋನಿಕಲ್ಲೇ, ಕರೆಂಟಿನದ್ದರಲ್ಲಿ ಎರಡೂ ಉಂಟು. ರುಚಿಯಲ್ಲಿ ವ್ಯತ್ಯಾಸ ಉಂಟು ಅಂತ ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ, ಹಾಲು ಹಾಕಿ ಕುಡಿಯುವ ನಮಗೆ ಅದು ತಲೆನೋವು ಬೇಡ.

ಹಲ್ಲು ಎಂತದರದ್ದು ಅನ್ನುದು ಮಾತ್ರ ತಲೆನೋವು ತಗೊಳ್ಳಬೇಕಾದ ವಿಷಯ. ಕಡಿಮೆ ಕ್ರಯದ್ದರಲ್ಲಿ ಸೆರಾಮಿಕ್ ಬರ್ತದೆ, ಬಿಳಿ, ಪಿಂಗಾಣಿ ಬಸಿಯ ಹಾಗೆ. ತುಕ್ಕು ಹಿಡಿಯುದಿಲ್ಲ, ನಮ್ಮ ಮಳೆಗಾಲಕ್ಕೆ ಇದೇ ಒಳ್ಳೇದಲ್ಲವಾ ಅಂತ ನಾನೂ ಲೆಕ್ಕ ಹಾಕಿ ಮೊದಲು ತಗೊಂಡದ್ದು ಅದನ್ನೇ, ಸಾವಿರದೈನೂರರ ಆಸುಪಾಸು. ನಮ್ಮ ಅಡಿಕೆ ತೋಟದ ಬದಿಯಲ್ಲಿ ಅಪ್ಪ ನೆಟ್ಟ ನಾಲ್ಕೈದು ರೊಬಸ್ಟಾ ಗಿಡ ಉಂಟು, ಹಣ್ಣು ಕೊಯ್ದು ಅಡಿಕೆಯ ಒಟ್ಟಿಗೆ ಅಂಗಳದಲ್ಲೇ ಒಣಗಿಸಿ, ಸಿಪ್ಪೆ ತೆಗೆದು, ಬಾಣಲೆಯಲ್ಲಿ ಹುರಿದು ಇಟ್ಟದ್ದು. ಒಂದು ಬೆಳಿಗ್ಗೆ ತಿರುಗಿಸ್ತಾ ಇದ್ದೆ, ಕಟಕ್ ಅಂತ ಶಬ್ದ, ಹಿಡಿ ಸಿಕ್ಕಿಹಾಕಿಕೊಂಡಿತು. ಗಟ್ಟಿ ಬೀಜ ಇರ್ಬೇಕು ಅಂತ ಜೋರು ಕೊಟ್ಟೆ, ಇನ್ನೊಂದು ಕಟಕ್, ಮತ್ತೆ ಬೆಣ್ಣೆ ಹಾಗೆ ತಿರುಗಿತು. ಬಿಚ್ಚಿ ನೋಡಿದ್ರೆ ಬಿಳಿ ಬರ್‌ನ ಒಂದು ಹಲ್ಲು ಬುಡದಿಂದ ಹೋಗಿದೆ, ಹುಡಿಯಲ್ಲಿ ಬಿಳಿ ಚೂರು, ಅದರ ಒಟ್ಟಿಗೆ ಒಂದು ಮುರಕಲ್ಲಿನ ಹರಳು. ಮುರಕಲ್ಲು ನಮ್ಮ ಕಾಸರಗೋಡಿನ ನೆಲದಲ್ಲಿ ಎಲ್ಲ ಕಡೆ ಉಂಟು, ಬಣ್ಣ ಹುರಿದ ಕಾಫಿ ಬೀಜದ್ದೇ, ಕಣ್ಣಿಗೆ ಸಿಗುದೇ ಇಲ್ಲ ಮಾರಾಯ್ರೆ. ಆ ಹುಡಿ ಪೂರ್ತಿ ತೆಂಗಿನ ಬುಡಕ್ಕೆ ಹೋಯ್ತು, ಪಿಂಗಾಣಿ ಚೂರು ಹೊಟ್ಟೆಗೆ ಹೋದ್ರೆ ಯಾರು ಕೇಳುದು.

ಹಾಗಾಗಿ ನನ್ನ ಲೆಕ್ಕದಲ್ಲಿ ಸ್ಟೀಲ್ ಬರ್. ಹಲ್ಲು ಹರಿತ ಇರ್ತದೆ, ಸೆರಾಮಿಕ್ ಬೀಜವನ್ನು ಜಜ್ಜಿದ ಹಾಗೆ ಮಾಡಿದ್ರೆ ಇದು ಸರಿಯಾಗಿ ಕತ್ತರಿಸ್ತದೆ, ಕೈಗೂ ಹಗುರ. ಕಲ್ಲು ಸಿಕ್ಕಿದ್ರೆ ಇದಕ್ಕೂ ಗಾಯ ಆಗ್ತದೆ, ಆದ್ರೆ ತುಂಡಾಗಿ ಹುಡಿಗೆ ಸೇರುದು ಕಡಿಮೆ. ಯಾವ ಬರ್ ಆದ್ರೂ ಮನೆಯ ಬೀಜವನ್ನು ಗೆರಸೆಯಲ್ಲಿ ಹಾಕಿ ಒಮ್ಮೆ ಕೈಯಾಡಿಸಿ, ಕಲ್ಲು ಭಾರ ಅಲ್ಲವಾ, ಗೆರಸೆ ತಟ್ಟಿದ್ರೆ ಬೇರೆ ನಿಲ್ತದೆ. ಇನ್ನೊಂದು, ಬಾಣಲೆಯಲ್ಲಿ ಹುರಿಯುವವರು ಅರ್ಧಂಬರ್ಧ ಹುರಿದ ಬೀಜ ಹಾಕಬೇಡಿ. ಕಪ್ಪಗೆ ಹುರಿದದ್ದು ಗರಿಗರಿ ಇರ್ತದೆ, ಬೇಗ ಒಡೀತದೆ, ಕಮ್ಮಿ ಹುರಿದದ್ದು ಕಲ್ಲಿನ ಹಾಗೆ, ಕೈ ನೋವು ಬರ್ತದೆ, ಸಣ್ಣ ಮೋಟಾರು ನಿಂತೇ ಬಿಡ್ತದೆ.

ಎರಡನೇ ಸಂಗತಿ ಆಟ, ಅಂದ್ರೆ ಸಡಿಲಾಗಿ ಅಲ್ಲಾಡುದು. ಪಂಪಿನ ಶಾಫ್ಟಿಗೆ ಆಟ ಬಂದಿದೆ ಅಂತ ಮೆಕ್ಯಾನಿಕ್ ಹೇಳ್ತಾನಲ್ಲ, ಅದೇ ಆಟ. ಕೈ ಗ್ರೈಂಡರಿನ ಒಳಗೆ ಒಂದು ಕಂಬಿ ಉಂಟು, ಅದರ ತುದಿಗೆ ಒಳಗಿನ ಬರ್. ಒಳ್ಳೆಯದ್ದರಲ್ಲಿ ಈ ಕಂಬಿಯನ್ನು ಮೇಲೆ ಒಂದು, ಕೆಳಗೆ ಒಂದು ಬೇರಿಂಗ್ ಹಿಡಿದಿರ್ತದೆ. ಕಡಿಮೆಯದ್ದರಲ್ಲಿ ಪ್ಲಾಸ್ಟಿಕ್ ಬುಶ್, ಅದೂ ಸಡಿಲ, ಬರ್ ಕೆಳಗೆ ಗಂಟೆಯ ನಾಲಗೆ ಹಾಗೆ ನೇತಾಡ್ತದೆ. ಸಣ್ಣ ಹುಡಿ ಮಾಡುವಾಗ ಎರಡು ಬರ್ ಹತ್ತಿರ ಇರುದರಿಂದ ಇದು ಅಷ್ಟು ಗೊತ್ತಾಗುದಿಲ್ಲ, ದೊಡ್ಡ ತರಿ ಮಾಡ್ಲಿಕ್ಕೆ ಎಡೆ ಬಿಟ್ಟ ಕೂಡಲೇ ಒಂದು ಬದಿಯಲ್ಲಿ ಎಡೆ ಜಾಸ್ತಿ, ಇನ್ನೊಂದು ಬದಿಯಲ್ಲಿ ಕಡಿಮೆ, ಅಂದ್ರೆ ಪುನಃ ಮಿಕ್ಸಿಯ ಕತೆಯೇ. ಅಂಗಡಿಯಲ್ಲಿ ನೋಡುದಾದ್ರೆ ಕೆಳಗಿನ ಡಬ್ಬ ಬಿಚ್ಚಿ ಒಳಗಿನ ಬರ್ ಅನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಈಚೆ ಅಲ್ಲಾಡಿಸಿ. ಟಕ್ ಟಕ್ ಅಂತಾದ್ರೆ ವಾಪಸ್ ಇಟ್ಟು ಬನ್ನಿ. ಆನ್‌ಲೈನಿನಲ್ಲಿ ತರಿಸಿದವರು ಬಂದ ದಿನವೇ ಈ ಪರೀಕ್ಷೆ ಮಾಡಿ, ರಿಟರ್ನ್ ದಿನ ಮುಗಿದ ಮೇಲೆ ಮಾಡಿ ಪ್ರಯೋಜನ ಇಲ್ಲ.

ಇನ್ನೊಂದು ಪರೀಕ್ಷೆ ಉಂಟು, ನನಗೆ ಭಾರೀ ಇಷ್ಟದ್ದು. ಹುಡಿ ಮಾಡಿ ಒಂದು ಚಿಟಿಕೆಯನ್ನು ಬಿಳಿ ಕಾಗದದ ಮೇಲೆ ಹರಡಿ ಕಿಟಕಿಯ ಹತ್ತಿರ ಹಿಡೀರಿ. ಒಂದೇ ಗಾತ್ರದ ಕಾಳು ಕಾಳಾಗಿ ಕಂಡ್ರೆ ಸರಿ. ನಡುವೆ ಸಾಸಿವೆಯಷ್ಟು ದೊಡ್ಡ ಚೂರು, ಸುತ್ತ ಕಾಗದಕ್ಕೆ ಅಂಟಿದ ಕಂದು ಧೂಳು, ಎರಡೂ ಕಂಡ್ರೆ ಆ ಗ್ರೈಂಡರ್ ಆಗುದಿಲ್ಲ. ಸ್ವಲ್ಪ ಧೂಳು ಎಷ್ಟು ದುಬಾರಿಯದ್ದರಲ್ಲೂ ಇರ್ತದೆ, ಅದಕ್ಕೆ ಹೆದರ್ಬೇಡಿ.

ಮೂರನೆಯದ್ದು ಎಡೆ ಬದಲಿಸುವ ತಿರುಪು. ತಿರುಗಿಸುವಾಗ ಕ್ಲಿಕ್ ಕ್ಲಿಕ್ ಅಂತ ನಿಲ್ಲುವ ಜಾಗ ಇರ್ತದೆ. ಫಿಲ್ಟರ್, ಪೋರ್ ಓವರ್ ಮಾಡುವವರಿಗೆ ಸಾಧಾರಣ ಕ್ಲಿಕ್ ಸಾಕು. ಎಸ್ಪ್ರೆಸೊದವರು ಒಂದು ಕ್ಲಿಕ್ಕಿಗೆ ಎಡೆ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಬದಲಾಗ್ತದೆ ಅಂತ ನೋಡಿಯೇ ತಗೊಳ್ಳಿ, ಹತ್ತಿಪ್ಪತ್ತರ ಒಳಗೆ ಇದ್ರೆ ಆರಾಮ. ಕೆಲವದ್ದರಲ್ಲಿ ತಿರುಪು ಒಳಗೆ ಅಡಿಯಲ್ಲಿ ಇರ್ತದೆ, ಡಬ್ಬ ಬಿಚ್ಚಿ ತಿರುಗಿಸ್ಬೇಕು, ಕೆಲವದ್ದರಲ್ಲಿ ಹೊರಗೆ ರಿಂಗಿನ ಹಾಗೆ. ದಿನಾ ಒಂದೇ ರೀತಿ ಕಾಫಿ ಮಾಡುವವರಿಗೆ ಒಳಗಿದ್ರೂ ತೊಂದರೆ ಇಲ್ಲ, ಮನೆಯಲ್ಲಿ ಮಗ ಪೋರ್ ಓವರ್, ಅಪ್ಪ ಫಿಲ್ಟರ್ ಅಂತಾದ್ರೆ ಹೊರಗಿನದ್ದೇ ತಗೊಳ್ಳಿ, ಇಲ್ಲದಿದ್ರೆ ಇಬ್ಬರೂ ಒಬ್ಬರಿಗೊಬ್ಬರು ಬೈಕೊಳ್ಳುದು ಖಂಡಿತ.

ಕೈಯದ್ದಾ ಕರೆಂಟಿನದ್ದಾ ಅಂತ ಭಾವ ಕೇಳಿದ್ದು ಮುಖ್ಯ ಪ್ರಶ್ನೆ. ಕೈ ಗ್ರೈಂಡರಿನ ದುಡ್ಡು ಪೂರ್ತಿ ಬರ್ ಮತ್ತು ಬೇರಿಂಗಿಗೆ ಹೋಗ್ತದೆ, ಅದೇ ದುಡ್ಡಿನ ಕರೆಂಟಿನದ್ದರಲ್ಲಿ ಮೋಟಾರು, ವಯರು, ಸ್ವಿಚ್ಚು ಅಂತ ಪಾಲಾಗಿ ಬರ್‌ಗೆ ಉಳಿಯುದು ಚೂರು. ಹಾಗಾಗಿ ಹತ್ತು ಸಾವಿರದ ಒಳಗೆ ಇರುವವರಿಗೆ ಕೈಯದ್ದೇ ಅಂತ ನಾನು ಕಣ್ಣು ಮುಚ್ಚಿ ಹೇಳ್ತೇನೆ. ಮತ್ತೆ ನಮ್ಮ ಊರಿನ ಮಳೆ ಗೊತ್ತುಂಟಲ್ಲ, ವರ್ಷಕ್ಕೆ 3000 ಮಿಲಿಮೀಟರಿಗಿಂತ ಮೇಲೆ ಸುರಿಯುವ ಜಾಗ, ಆಟಿ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟಿನ ಹೊತ್ತಿಗೆ, ಎಲ್ಲೋ ಒಂದು ತೆಂಗಿನ ಮಡಲು ಲೈನಿನ ಮೇಲೆ ಬಿದ್ರೆ ಮಧ್ಯಾಹ್ನದವರೆಗೆ ಕರೆಂಟಿಲ್ಲ. ಗ್ಯಾಸು ಉಂಟು, ಹಾಲು ಉಂಟು, ಬೀಜ ಉಂಟು, ಹುಡಿ ಮಾಡ್ಲಿಕ್ಕೆ ಗತಿ ಇಲ್ಲ ಅಂತಾದ್ರೆ ಆ ಮಳೆಯಲ್ಲಿ ಮನುಷ್ಯ ಎಂತ ಮಾಡುದು.

ಆದ್ರೆ ಲೆಕ್ಕ ಒಂದುಂಟು. ಸಾಧಾರಣ ಕೈ ಗ್ರೈಂಡರಿಗೆ ಒಂದು ಸಲಕ್ಕೆ 20ರಿಂದ 25 ಗ್ರಾಂ ಬೀಜ ಹಿಡೀತದೆ, ಫಿಲ್ಟರಿನ ಸಣ್ಣ ಹುಡಿಗೆ ಒಂದೂವರೆ ಎರಡು ನಿಮಿಷ ತಿರುಗಿಸ್ಬೇಕು. ಇಬ್ಬರಿಗೆ ಇದು ಸುಖ. ಆರು ಜನ ಇರುವ ಮನೆ, ಬೆಳಿಗ್ಗೆ ಒಂದು ಸಂಜೆ ಒಂದು, ನಡುವೆ ಅಡಿಕೆ ಸುಲಿಯುವವರಿಗೆ ಒಂದು ಅಂತಾದ್ರೆ ತಿರುಗಿಸ್ತಾ ತಿರುಗಿಸ್ತಾ ಭುಜ ಹೋಗ್ತದೆ, ಅಂಥವರು ಕರೆಂಟಿನದ್ದೇ ನೋಡಿ. ಮತ್ತೆ ವಯಸ್ಸಾದವರು, ಕೈಗಂಟು ನೋವಿನವರು. ನಮ್ಮ ಅಮ್ಮ ಒಂದು ವಾರ ಖುಷಿಯಲ್ಲಿ ತಿರುಗಿಸಿದ್ರು, ಎಂಟನೇ ದಿನ "ಇದು ನನ್ನಿಂದ ಆಗ, ನೀನೇ ಹುಡಿ ಮಾಡಿ ಇಟ್ಟು ಹೋಗು" ಅಂದ್ರು.

ಕರೆಂಟಿನದ್ದು ತಗೊಳ್ಳುವಾಗ ಒಂದು ಮೋಸ ಉಂಟು, ಬರ್ ಗ್ರೈಂಡರ್ ಅಂತ ಬರೆದಿರ್ತದೆ, ಕ್ರಯ ಮೂರು ಸಾವಿರ, ಒಳಗೆ ನೋಡಿದ್ರೆ ಹರಿತವೇ ಇಲ್ಲದ ಮೊಂಡು ಗುಬ್ಬಿ ಗುಬ್ಬಿ ಇರುವ ಎರಡು ತಟ್ಟೆ. ಅದು ಬೀಜವನ್ನು ಕತ್ತರಿಸುದಿಲ್ಲ, ಬಡಿದು ಹುಡಿ ಮಾಡ್ತದೆ. ಬರ್‌ನ ಹತ್ತಿರದ ಫೋಟೋ ಹಾಕದವರ ಮಾಲು ತಗೊಳ್ಳಬೇಡಿ. ಬರ್ ಬೇರೆ ಸಿಗ್ತದಾ, ಗ್ಯಾಸ್ಕೆಟ್ ಬೇರೆ ಸಿಗ್ತದಾ ಅಂತಲೂ ನೋಡಿ. ಸರ್ವಿಸ್ ಅಂತ ಅವರು ಹೇಳುದು ಹೆಚ್ಚಾಗಿ ಬೆಂಗಳೂರಿಗೆ ಕೊರಿಯರ್ ಮಾಡಿ ಅಂತ, ಆ ಕೊರಿಯರ್ ಚಾರ್ಜಿನಲ್ಲಿ ಒಂದು ಕಿಲೋ ಬೀಜ ಬರ್ತದೆ.

ಹೆಸರು ಹೇಳಿ ಅನ್ನುವವರಿಗೆ, ಜನ ಹೆಚ್ಚು ತಗೊಳ್ಳುವ ಕೆಲವನ್ನು ಹೇಳ್ತೇನೆ, ಕ್ರಯ ಆಗಾಗ ಬದಲಾಗ್ತದೆ, ನೀವೇ ನೋಡಿಕೊಳ್ಳಿ. ಟೈಮ್‌ಮೋರ್ ಸಿ2, 38 ಮಿಲಿಮೀಟರ್ ಸ್ಟೀಲ್ ಬರ್, ಶುರು ಮಾಡುವವರದ್ದು, ಫಿಲ್ಟರಿಗೂ ಪೋರ್ ಓವರಿಗೂ ಆಗ್ತದೆ, ಎಸ್ಪ್ರೆಸೊಗೆ ಅಂತ ಮಾಡಿದ್ದಲ್ಲ. ಕಿನ್‌ಗ್ರೈಂಡರ್ ಕೆ6 ಅಂತ ಒಂದುಂಟು, ಬರ್ 48 ಮಿಲಿಮೀಟರ್, ಒಂದು ಕ್ಲಿಕ್ಕಿಗೆ 16 ಮೈಕ್ರಾನ್, ತಿರುಪು ಹೊರಗೆ. ಬರ್ ದೊಡ್ಡದಾದಷ್ಟು ಹುಡಿ ಮಾಡುದು ಬೇಗ ಮುಗೀತದೆ, ಆದ್ರೆ ಒಂದೊಂದು ಸುತ್ತಿಗೆ ಜೋರು ಸ್ವಲ್ಪ ಜಾಸ್ತಿ ಬೇಕು. ಜರ್ಮನಿಯ ಕೊಮಾಂಡಾಂಟೆ ಸಿ40 ಬಗ್ಗೆ ಗೊತ್ತಿದ್ದವರು ಭಕ್ತಿಯಿಂದ ಮಾತಾಡ್ತಾರೆ, ಅದರ ಕ್ರಯ ಕೇಳಿದ ಮೇಲೆ ನಾನೂ ಭಕ್ತಿಯಿಂದ ದೂರ ನಿಂತೆ. ಕರೆಂಟಿನದ್ದರಲ್ಲಿ ಬರಾಟ್ಜಾ ಎನ್‌ಕೋರ್, 40 ಮಿಲಿಮೀಟರ್ ಕೋನಿಕಲ್, 40 ಸೆಟ್ಟಿಂಗು, ಬಿಡಿಭಾಗ ಬೇರೆ ಬೇರೆಯಾಗಿ ಮಾರ್ತಾರೆ ಅನ್ನುದೇ ಅದರ ದೊಡ್ಡ ಗುಣ.

ತಂದ ಮೇಲೆ ಸೆಟ್ ಮಾಡುದು ಹೇಗೆ ಅಂದ್ರೆ, ಒಳಗೆ ಬೀಜ ಇಲ್ಲದೆ ತಿರುಪನ್ನು ಬಿಗಿ ಮಾಡ್ತಾ ಹೋಗಿ, ಎರಡು ಬರ್ ತಾಗಿ ಹಿಡಿ ತಿರುಗದೆ ನಿಲ್ಲುವ ಜಾಗ ಸೊನ್ನೆ. ಅಲ್ಲಿಂದ ಹಿಂದೆ ಕ್ಲಿಕ್ ಲೆಕ್ಕ ಹಾಕುದು. ಬೇರೆಯವರ ಹದಿನಾಲ್ಕು ಕ್ಲಿಕ್ ನಿಮ್ಮ ಹದಿನಾಲ್ಕು ಅಲ್ಲ, ಮೆಷಿನ್ ಬೇರೆ, ಹಾಗಾಗಿ ನಂಬರ್ ಕೇಳಿ ಪ್ರಯೋಜನ ಇಲ್ಲ, ರವೆಯ ಅಳತೆಗೆ ಹತ್ತಿರ ಬರುವ ಜಾಗದಿಂದ ಶುರು ಮಾಡಿ. ಸ್ಟೀಲ್ ಫಿಲ್ಟರಿಗಾದ್ರೆ 20 ಗ್ರಾಂ ಹುಡಿ, ಕುದಿ ಬಂದು ಅರ್ಧ ನಿಮಿಷ ಬಿಟ್ಟ ನೀರು 100 ಮಿಲಿ. ಐದು ನಿಮಿಷದಲ್ಲಿ ಎಲ್ಲ ಕೆಳಗೆ ಇಳಿದು ಡಿಕಾಕ್ಷನ್ ಚಾದ ಹಾಗೆ ತೆಳ್ಳಗೆ ಕಂಡ್ರೆ ನಾಳೆ ಎರಡು ಕ್ಲಿಕ್ ಸಣ್ಣ ಮಾಡಿ. ಅರ್ಧ ಗಂಟೆ ಆದ್ರೂ ಮೇಲೆ ನೀರು ಕೆರೆ ಹಾಗೆ ನಿಂತಿದ್ರೆ ಎರಡು ಕ್ಲಿಕ್ ದೊಡ್ಡ ಮಾಡಿ. ಹತ್ತು ಹದಿನೈದು ನಿಮಿಷದಲ್ಲಿ ಇಳಿದ್ರೆ ಅಲ್ಲೇ ನಿಲ್ಲಿಸಿ, ಆ ನಂಬರನ್ನು ಡಬ್ಬದ ಮೇಲೆ ಬರ್ದಿಡಿ. ಒಂದು ದಿನಕ್ಕೆ ಒಂದೇ ಬದಲಾವಣೆ, ಕ್ಲಿಕ್ಕೂ ಬದಲಿಸಿ ನೀರೂ ಬದಲಿಸಿ ಫಿಲ್ಟರಿನ ಒಳಗೆ ಹುಡಿ ಒತ್ತುವ ಕೊಡೆಯನ್ನೂ ಜೋರು ಒತ್ತಿದ್ರೆ ಯಾವುದರಿಂದ ಎಂತ ಆಯ್ತು ಅಂತ ದೇವರಿಗೂ ಗೊತ್ತಾಗುದಿಲ್ಲ. ಕರೆಂಟಿನದ್ದರಲ್ಲಿ ಸಣ್ಣದಕ್ಕೆ ಬದಲಿಸುವಾಗ ಮೋಟಾರು ತಿರುಗ್ತಾ ಇರ್ಬೇಕು, ನಿಂತಾಗ ಬಿಗಿ ಮಾಡಿದ್ರೆ ನಡುವೆ ಸಿಕ್ಕಿದ ಬೀಜ ಜಾಮ್ ಆಗ್ತದೆ.

ಚಿಕೋರಿ ಬೇಕು ಅನ್ನುವವರು ಅದನ್ನು ಗ್ರೈಂಡರಿಗೆ ಹಾಕಲೇಬೇಡಿ. ಗಾಳಿಯ ಪಸೆ ಎಳೆದು ಅಂಟು ಅಂಟಾಗುವ ಜಾತಿ ಅದು, ಬರ್‌ನ ಹಲ್ಲಿನ ಮಧ್ಯ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕೂತ್ಕೊಳ್ತದೆ. ಹುಡಿಯಾಗಿಯೇ ಬೇರೆ ತಂದು, ಕಾಫಿ ಹುಡಿ ಮಾಡಿದ ಮೇಲೆ ಚಮಚದಲ್ಲಿ ಸೇರಿಸಿ. ಇದರಲ್ಲಿ ಇನ್ನೊಂದು ಲಾಭ, ಎಷ್ಟು ಚಿಕೋರಿ ಅಂತ ನಿಮ್ಮ ಕೈಯಲ್ಲಿ ಇರ್ತದೆ. ಪೇಟೆಯ ಮಿಕ್ಸ್ ಹುಡಿಯಲ್ಲಿ ಕಾಫಿ ಕಡಿಮೆಯೆಂದರೆ 51 ಶೇಕಡಾ ಇರ್ಬೇಕು ಅಂತ ನಿಯಮ, ಅಂದ್ರೆ 49ರವರೆಗೆ ಚಿಕೋರಿ ಇದ್ರೂ ಕಾನೂನು ಪ್ರಕಾರ ಸರಿಯೇ, ಪ್ಯಾಕೆಟಿನ ಮೇಲೆ ಬರ್ದಿರ್ತದೆ, ಒಮ್ಮೆ ಕನ್ನಡಕ ಹಾಕಿ ಓದಿ.

ಮಳೆಗಾಲದ್ದು ಬೇರೆ ಸಂಕಟ. ಆಟಿಯಲ್ಲಿ ಹಪ್ಪಳ ಮೆತ್ತಗಾಗುವ ಹಾಗೆ ಬೀಜವೂ ಪಸೆ ಎಳೀತದೆ, ಬೇಸಿಗೆಯಲ್ಲಿ ಸರಿ ಇದ್ದ ಸೆಟ್ಟಿಂಗಿನಲ್ಲೇ ಡಿಕಾಕ್ಷನ್ ಇಳಿಯುದು ನಿಧಾನ ಆಗ್ತದೆ, ನಾನು ಜೂನ್‌ನಿಂದ ಒಂದೆರಡು ಕ್ಲಿಕ್ ದೊಡ್ಡ ಮಾಡಿಕೊಳ್ತೇನೆ. ಬೀಜ 250 ಗ್ರಾಂಗಿಂತ ಜಾಸ್ತಿ ಒಮ್ಮೆಗೆ ತರುದಿಲ್ಲ, ಗಾಳಿ ಆಡದ ಡಬ್ಬದಲ್ಲಿ ಕಪಾಟಿನಲ್ಲಿ ಇಡುದು. ಫ್ರಿಜ್ಜಿನಲ್ಲಿಟ್ಟು ದಿನಾ ಹೊರಗೆ ತೆಗೆದ್ರೆ ತಣ್ಣಗಿನ ಬೀಜದ ಮೇಲೆ ಬೆವರಿನ ಹಾಗೆ ನೀರು ಕೂತ್ಕೊಳ್ತದೆ, ಆ ನೀರು ಸೀದಾ ಬರ್‌ಗೆ ಹೋಗ್ತದೆ. ಜನವರಿಯ ಒಣ ಹವೆಯಲ್ಲಿ ಉಲ್ಟಾ, ಹುಡಿಗೆ ಕರೆಂಟು ಹಿಡಿದು ಡಬ್ಬದ ಗೋಡೆಗೆಲ್ಲ ಅಂಟ್ತದೆ, ಮುಚ್ಚಳ ತೆಗೆದ ಕೂಡಲೇ ಹಾರ್ತದೆ. ಆಗ ಚಮಚದ ಹಿಡಿಯನ್ನು ನೀರಿಗೆ ಅದ್ದಿ, ಆ ಒಂದು ಹನಿಯಲ್ಲಿ ಬೀಜವನ್ನು ಒಮ್ಮೆ ಕಲಸಿ ಹಾಕಿ, ಅಂಟುದು ನಿಲ್ತದೆ. ಒಂದು ಹನಿ ಅಂದ್ರೆ ಒಂದೇ.

ಸ್ಟೀಲ್ ಬರ್ ಅನ್ನು ನೀರಲ್ಲಿ ತೊಳೆಯಬೇಡಿ, ಸಾಬೂನು ಮೊದಲೇ ಬೇಡ. ನಮ್ಮ ಹವೆಯಲ್ಲಿ ರಾತ್ರಿ ತೊಳೆದಿಟ್ರೆ ಬೆಳಿಗ್ಗೆ ಹಲ್ಲಿನ ತುದಿಯಲ್ಲಿ ಕೆಂಪು ಕಾಣ್ತದೆ. ಒಟ್ಟಿಗೆ ಬರುವ ಬ್ರಶ್ಶು ಅಥವಾ ಒಣಗಿದ ಪೈಂಟ್ ಬ್ರಶ್ಶು, ಹೊಸತಾಗಿರ್ಬೇಕು ಮತ್ತೆ, ಪೈಂಟ್ ಮಾಡಿದ್ದಲ್ಲ, ಅದರಲ್ಲಿ ವಾರಕ್ಕೊಮ್ಮೆ ಉದುರಿಸಿದ್ರೆ ಸಾಕು. ಅಕ್ಕಿ ಹಾಕಿ ತಿರುಗಿಸಿದ್ರೆ ಚೊಕ್ಕ ಆಗ್ತದೆ ಅಂತ ಕೆಲವರು ಹೇಳ್ತಾರೆ, ಅಕ್ಕಿ ಕಾಫಿ ಬೀಜಕ್ಕಿಂತ ಗಟ್ಟಿ, ಸಣ್ಣ ಮೋಟಾರಿಗೂ ಬರ್‌ಗೂ ಒಳ್ಳೇದಲ್ಲ. ತಿಂಗಳಿಗೊಮ್ಮೆ ಪೂರ್ತಿ ಬಿಚ್ಚುದಾದ್ರೆ ಒಂದು ದೊಡ್ಡ ಹರಿವಾಣದ ಒಳಗೆ ಇಟ್ಟು ಬಿಚ್ಚಿ, ಬಿಚ್ಚುವಾಗ ಒಂದೊಂದು ಹಂತಕ್ಕೆ ಮೊಬೈಲಿನಲ್ಲಿ ಫೋಟೋ ತೆಗೀರಿ, ವಾಶರ್ ಮೊದಲಾ ಸ್ಪ್ರಿಂಗ್ ಮೊದಲಾ ಅಂತ ಮತ್ತೆ ನೆನಪಿರುದಿಲ್ಲ. ಆ ಸ್ಪ್ರಿಂಗು ಹಾರಿದ್ರೆ ಮೊದಲು ಫ್ರಿಜ್ಜಿನ ಅಡಿಯಲ್ಲಿ ಹುಡುಕಿ, ನನ್ನದು ಎರಡು ಸಲವೂ ಅಲ್ಲೇ ಸಿಕ್ಕಿದ್ದು.